ದಂತಾಭಾವ ಮೀಮಾಂಸೆ

ಹಲ್ಲು ಕೀಳಿಸಿಕೊಳ್ಳುವಾಗಿನ ನೋವಿಗೆ ಚರಿತ್ರೆಯುಂಟು. 1844ರ ಡಿಸೆಂಬರ್ 11ರಂದು ಅಮೆರಿಕದ ಹಾರ್ಟ್‌ಫರ್ಡಿನಲ್ಲಿ ಹೊರೇಸ್ ವೆಲ್ಸ್ ಎಂಬ ದಂತವೈದ್ಯ ನಗೆ ಅನಿಲ ಸೇದಿ, ತನ್ನದೇ ಹಲ್ಲನ್ನು ಇನ್ನೊಬ್ಬ ವೈದ್ಯನಿಂದ ಕೀಳಿಸಿಕೊಂಡು ನೋಡಿದ. ರಷ್ಯಾದ ದೊರೆ ಪೀಟರ್ ತಾನೇ ಇಕ್ಕಳ ಹಿಡಿದು ಪರಿವಾರದವರ ಹಲ್ಲಿಗೆ ಕೈ ಹಾಕುತ್ತಿದ್ದ. ಅವನು ಕಿತ್ತ ಹಲ್ಲುಗಳ ಸಂಗ್ರಹ ಇಂದಿಗೂ ಸೇಂಟ್ ಪೀಟರ್ಸ್‌ಬರ್ಗಿನ ಕುನ್ಸ್ಟ್‌ಕಮೇರಾ ವಸ್ತುಸಂಗ್ರಹಾಲಯದಲ್ಲಿದೆ. ಆದರೆ ಹಲ್ಲು ಡಬ್ಬಿ ಸೇರಿದ ಮೇಲೆ ಅದರ ಮಾಲೀಕ ಮನೆಗೆ ಹೋಗಿ ಏನು ಉಂಡ, ಯಾವ ಮಗ್ಗುಲಲ್ಲಿ ಮಲಗಿದ, ಯಾರ ಮೇಲೆ ರೇಗಿದ? ಚರಿತ್ರೆ ಬಾಯಿ ಬಿಡುವುದಿಲ್ಲ. ಈ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಗುರಿ. ಹಲ್ಲಿನ ಕೊರತೆ ತುಂಬುವುದು ಬೇರೆಯವರ ಕಸುಬು, ಅದಕ್ಕೆ ಬಿಲ್ಲೂ ಬೇರೆ.

ಮೊದಲು ಲಕ್ಷಣ. ನೈಯಾಯಿಕರು ಅಭಾವವನ್ನು ನಾಲ್ಕು ಬಗೆಯಾಗಿ ಕಂಡರು; ಹಲ್ಲಿನ ಮಟ್ಟಿಗೆ ಎರಡು ಸಾಕು. ಇಪ್ಪತ್ತರ ಹೊಸ್ತಿಲಲ್ಲಿ ಇನ್ನೂ ಮೂಡದ ಬುದ್ಧಿಹಲ್ಲಿನದು ಪ್ರಾಗಭಾವ: ಅದಕ್ಕೆ ಆದಿಯಿಲ್ಲ, ಅಂತ್ಯವುಂಟು. ಕಿತ್ತ ಹಲ್ಲಿನದು ಪ್ರಧ್ವಂಸಾಭಾವ: ಆದಿಯುಂಟು, ಅಂತ್ಯವಿಲ್ಲ. ಮಗುವಿನ ಹಾಲುಹಲ್ಲನ್ನು ಸೆಗಣಿ ಉಂಡೆಯಲ್ಲಿಟ್ಟು ಹಂಚಿನ ಮೇಲೆಸೆಯುವ ಅಜ್ಜಿಗೆ ಈ ಭೇದ ಚೆನ್ನಾಗಿ ಗೊತ್ತು. ಹೊಸದು ಬರುವ ಭರವಸೆ ಇರುವಲ್ಲಿ ಮಾತ್ರ ಅವಳು ಎಸೆಯುತ್ತಾಳೆ. ಐವತ್ತರ ಅಳಿಯನ ದವಡೆಹಲ್ಲಿಗಾಗಿ ಯಾವ ಅತ್ತೆಯೂ ಸೆಗಣಿ ಕಲಸಿದ್ದಿಲ್ಲ.

ಈ ಪ್ರಧ್ವಂಸಾಭಾವಕ್ಕೆ ಈಡಾದವನನ್ನು ಇನ್ನು ಮುಂದೆ, ಪದಚ್ಯುತನಂತೆ, ದಂತಚ್ಯುತ ಎಂದು ಕರೆಯಲಾಗುವುದು. ಅವನ ಮೊದಲ ಸಂಕಟ ವ್ಯಾಕರಣದ್ದು. ಕೆಳದವಡೆಗೆ ಕೊಟ್ಟ ಇಂಜೆಕ್ಷನ್ನಿನಿಂದ ಆ ಬದಿಯ ತುಟಿ ಎರಡು ಮೂರು ಗಂಟೆ ಜೋಮು ಹಿಡಿದಿರುತ್ತದೆ. ಹೋದದ್ದು ಹಲ್ಲು, ಆದ್ದರಿಂದ ಕೆಡಬೇಕಾದದ್ದು ದಂತ್ಯಾಕ್ಷರ ಎಂದು ಯಾರಾದರೂ ಊಹಿಸಿಯಾರು. ಅದು ತಪ್ಪು. ಕೆಡುವುದು ಓಷ್ಠ್ಯ. ‘ಅತ್ತೆ’ ಸಲೀಸಾಗಿ ಬರುತ್ತದೆ. ‘ಅಮ್ಮ’, ‘ಅಪ್ಪ’ ತುಟಿ ದಾಟುವಷ್ಟರಲ್ಲಿ ಜೊಲ್ಲಾಗಿರುತ್ತವೆ. ಬಾಯಲ್ಲಿ ಅರ್ಧ ಮುಕ್ಕಾಲು ಗಂಟೆ ಕಚ್ಚಿಕೊಂಡಿರಬೇಕಾದ ಹತ್ತಿಯುಂಡೆ ಬೇರೆ. ಫೋನು ಮಾಡುವ ನೆಂಟರೆಲ್ಲ ಸರಿಯಾಗಿ ಇದೇ ಮುಹೂರ್ತ ನೋಡಿರುತ್ತಾರೆ.

ಇನ್ನು ಪ್ರಮಾಣಗ್ರಂಥ. ಸುಶ್ರುತನಂತೂ ಮೇಲ್ದವಡೆಯ ಹಲ್ಲು ಅಲ್ಲಾಡುತ್ತಿದ್ದರೂ ಕೀಳಬೇಡಿ ಎಂದ. ರಕ್ತ ವಿಪರೀತ ಹರಿದು ಕಣ್ಣು ಹೋದೀತು, ಮುಖ ಸೊಟ್ಟಗಾದೀತು ಎಂಬ ಅಂಜಿಕೆ ಅವನಿಗೆ. ಇಂದಿನ ವೈದ್ಯರು ಅಂಜದೆ ಕೀಳುತ್ತಾರೆ, ಸರಿಯೇ. ಆದರೂ ರಕ್ತದ ವಿಚಾರವೇ ಮುಖ್ಯವೆಂಬ ಅವನ ಮಾತಿನ ತಿರುಳು ಮುಕ್ಕಾಗಿಲ್ಲ. ಹಲ್ಲು ಹೋದ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಕೆಳಗಿನ ಎಲುಬಿಗೂ ನರಕ್ಕೂ ಅದೇ ಹೊದಿಕೆ. ಅದು ಕಿತ್ತುಬಂದರೆ ಎಲುಬು ಬತ್ತಲಾಗಿ, ಎರಡು ಮೂರು ದಿನದಲ್ಲಿ ಕಿವಿಯವರೆಗೆ ಸಿಡಿಯುವ ನೋವು ಶುರುವಾಗುತ್ತದೆ. ದಂತವೈದ್ಯರು ಇದನ್ನು ಡ್ರೈ ಸಾಕೆಟ್ ಎನ್ನುತ್ತಾರೆ. ಬೀಡಿ ಸಿಗರೇಟಿನವರಿಗೆ ಇದರ ಕಾಟ ಹೆಚ್ಚು.

ಹೆಪ್ಪು ಹಾಕಿದ ಪಾತ್ರೆಯನ್ನು ಅಲ್ಲಾಡಿಸಬಾರದೆಂದು ಕನ್ನಡನಾಡಿನ ಯಾವ ಅಡಿಗೆಮನೆಗೂ ಹೇಳಿಕೊಡಬೇಕಿಲ್ಲ. ಬಾಯೆಂಬ ಪಾತ್ರೆಗೆ ಮಾತ್ರ ಈ ಜ್ಞಾನವಿಲ್ಲ. ನಾಲಗೆ ಐದು ನಿಮಿಷಕ್ಕೊಮ್ಮೆ ಗುಳಿಗೆ ಹೋಗಿ ಇಲ್ಲದ್ದು ಇನ್ನೂ ಇಲ್ಲವೇ ಎಂದು ಪಂಚನಾಮೆ ಮಾಡಿ ಬರುತ್ತದೆ. ದಂತಚ್ಯುತನ ಸುಖದ ಮೊದಲ ಶತ್ರು ಅವನ ಬಾಯೊಳಗೇ ಬಾಡಿಗೆಗಿದೆ. ಎರಡನೆಯ ಶತ್ರು ಉಗುಳು. ಮೊದಲ ದಿನ ಉಗುಳಬಾರದು, ಬಾಯಿ ಮುಕ್ಕಳಿಸಬಾರದು, ಸ್ಟ್ರಾ ಹಾಕಿ ಎಳೆಯಬಾರದು. ಎಳನೀರನ್ನು ಲೋಟಕ್ಕೆ ಬಗ್ಗಿಸಿ ಕುಡಿಯುವುದೇ ಶಾಸ್ತ್ರಸಮ್ಮತ. ಎಲೆಯಡಿಕೆಯವರ ಪಾಲಿಗೆ ಇದು ಮನೆಯಲ್ಲೇ ವನವಾಸ.

ಆಹಾರದ ಅಧಿಕರಣದಲ್ಲಿ ವಾದ ಬಿರುಸು. ಪೂರ್ವಪಕ್ಷ ಹಳೇ ಮೈಸೂರಿನದು: ರಾಗಿಮುದ್ದೆಯನ್ನು ನುಂಗಬೇಕೇ ಹೊರತು ಅಗಿಯುವಂತಿಲ್ಲ, ಹಲ್ಲಿನ ಹಂಗೇ ಬೇಡ, ಆದ್ದರಿಂದ ದಂತಚ್ಯುತನಿಗೆ ಅದೇ ಪರಮಾನ್ನ. ತರ್ಕ ಗಟ್ಟಿ, ಆದರೆ ಮುದ್ದೆ ಬಿಸಿ, ಬಸ್ಸಾರು ಬಿಸಿಯೂ ಖಾರವೂ. ಮೊದಲ ದಿನ ಬಿಸಿ ತಾಗಿದರೆ ರಕ್ತ ಮತ್ತೆ ಜಿನುಗಬಹುದು. ಎರಡನೆಯ ಪಕ್ಷ ಮೊಸರನ್ನದ್ದು. ಇದು ಗೆದ್ದೇಬಿಟ್ಟಿತು ಎನ್ನುವಾಗ ಒಗ್ಗರಣೆ ಬಂದು ಕೆಡಿಸುತ್ತದೆ. ಒಂದು ಸಾಸಿವೆಕಾಳು ಆ ಗುಳಿಯಲ್ಲಿ ಮನೆ ಮಾಡಿದರೆ ಅದನ್ನು ಎಬ್ಬಿಸಲು ಯಾವ ಮಂತ್ರವೂ ಸಾಲದು. ಮೂರನೆಯದು ಕರಾವಳಿಯ ಗಡ್ಬಡ್. ಅದರ ಐಸ್‌ಕ್ರೀಮು ಗ್ರಾಹ್ಯ, ಗೋಡಂಬಿ ತ್ಯಾಜ್ಯ, ಮತ್ತು ಗೋಡಂಬಿ ತೆಗೆದ ಗಡ್ಬಡನ್ನು ಗಡ್ಬಡ್ ಎನ್ನಬಹುದೇ ಎಂಬುದು ಮಂಗಳೂರಿನವರಿಗೆ ಬಿಟ್ಟ ವಿಷಯ. ಸಿದ್ಧಾಂತ: ಒಗ್ಗರಣೆಯಿಲ್ಲದ, ತಣ್ಣಗಿನ, ಹಿಸುಕಿದ ಮೊಸರನ್ನ. ಕಾಫಿ ಬೈಟುವಾದರೂ ಸರಿ, ಆರಿದ ಮೇಲೆ.

ಉಳಿದದ್ದು ಚುಟುಕಾಗಿ. ಮೊದಲ ದಿನ ಬಟ್ಟೆಯಲ್ಲಿ ಸುತ್ತಿದ ಐಸನ್ನು ಕೆನ್ನೆಯ ಹೊರಗೆ ಹತ್ತಿಪ್ಪತ್ತು ನಿಮಿಷ ಒತ್ತಿ, ಬಿಡುವು ಕೊಟ್ಟು ಮತ್ತೆ ಒತ್ತುವುದು. ಎರಡು ದಿಂಬಿಟ್ಟು ತಲೆ ಎತ್ತರಿಸಿ ಮಲಗುವುದು. ನೋವಿನ ಮಾತ್ರೆಯನ್ನು ವೈದ್ಯರು ಬರೆದಂತೆ ನುಂಗುವುದು, ಪಕ್ಕದ ಮನೆಯವರು ಹೇಳಿದಂತೆ ಅಲ್ಲ. ಇಪ್ಪತ್ನಾಲ್ಕು ಗಂಟೆ ಕಳೆದ ಮೇಲೆ ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು. ಬಾಯಲ್ಲಿ ಮೆಲ್ಲಗೆ ಆಡಿಸಿ, ಬಾಗಿ ತಾನಾಗಿ ಸುರಿಯಲು ಬಿಡುವುದು. ಊತ ಎರಡು ಮೂರನೆಯ ದಿನ ತುದಿ ಮುಟ್ಟಿ ಇಳಿಯುತ್ತದೆ. ಆಮೇಲೂ ಏರುತ್ತಿದ್ದರೆ, ಜ್ವರ ಬಂದರೆ, ರಕ್ತ ನಿಲ್ಲದಿದ್ದರೆ ಈ ಪ್ರಬಂಧವನ್ನು ಮಡಚಿಟ್ಟು ಕಿತ್ತವರಿಗೇ ಫೋನು ಮಾಡತಕ್ಕದ್ದು.

ಮೇಲಿನ ವಸಡು ಕೂಡಲು ಒಂದೆರಡು ವಾರ ಬೇಕು, ಒಳಗಿನ ಎಲುಬು ತುಂಬಲು ತಿಂಗಳುಗಳು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯ ಎರಡನೆಯ ಅರ್ಧ ತಮ್ಮ ಪಾಲಿಗೆ ಬರುವುದು ಬೇಡ ಎನ್ನುವ ಬೆಂಗಳೂರಿಗರು ಪಂಚಾಂಗ ನೋಡಿಕೊಳ್ಳಲಿ: ಬಸವನಗುಡಿಯ ಕಡಲೆಕಾಯಿ ಪರಿಷೆ ಕಾರ್ತಿಕದ ಕೊನೆಯ ಸೋಮವಾರ.