ಪುರುಸೊತ್ತಿಲ್ಲ ಮಾರಾಯ್ರೆ!

ನಮ್ಮ ಕೊಯಿಲದಲ್ಲಿ ನೆಮ್ಮದಿಯಿಂದ ಕೂತು ಮೆಲುಕು ಹಾಕುವ ಹಕ್ಕು ಇರುವುದು ಜಾನುವಾರು ಸಂವರ್ಧನಾ ಕೇಂದ್ರದ ಮಲೆನಾಡು ಗಿಡ್ಡಗಳಿಗೆ ಮಾತ್ರ. ನಾವು ಅಡಿಕೆಯವರು. ಆಟಿ ತಿಂಗಳಲ್ಲಿ ಓಡುತ್ತಲೇ ಇರಬೇಕು. ಎಲ್ಲಿಗೆ ಎಂದು ಮಾತ್ರ ಕೇಳಬಾರದು.

ಕೊಳೆರೋಗಕ್ಕೆ ಎರಡನೇ ಸಲ ಬೋರ್ಡೋ ಮದ್ದು ಬಿಡುವ ಹೊತ್ತು. 100 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತು, 1 ಕಿಲೊ ಸುಣ್ಣ. ಕಲಕುವ ಅಧಿಕಾರ ನನ್ನದು, ಬೇರೆಯವರಿಗೆ ಬಿಡುವವನಲ್ಲ. ಡ್ರಮ್ಮಿನೊಳಗೆ ಕೋಲು ಇಳಿಸಿ ಬಲಕ್ಕೆ ತಿರುಗಿಸಿದೆ. ಚಂದ ಕಂಡಿತು. ಎಡಕ್ಕೆ ತಿರುಗಿಸಿದೆ. ಇನ್ನೂ ಚಂದ. ಮುಂಗೈ ನೀಲಿ, ಪಂಚೆ ನೀಲಿ, ಮೀಸೆಯ ಒಂದು ತುದಿಯೂ ನೀಲಿ. ಬೆಂಗಳೂರಿನ ಮಗನಿಗೆ ಫೋಟೊ ಕಳಿಸಿದೆ. ‘ಸೂಪರ್ ಅಪ್ಪಾ’ ಎಂದ. ಮತ್ತೆ ನಿಲ್ಲಿಸುವುದುಂಟೇ! ಮನೆಯವಳು ಕಾಫಿಗೆ ಕರೆದಾಗ “ಪುರುಸೊತ್ತಿಲ್ಲ” ಎಂದು ಗರ್ಜಿಸಿ, ಸುಳಿಯ ನಡುವೆ ಒಂದು ಒಣ ಎಲೆ ಹಾಕಿ, ಅದು ಎಷ್ಟು ಜೋರಾಗಿ ಸುತ್ತುತ್ತದೆಂದು ನೋಡಿದೆ. ಭಯಂಕರ ಜೋರು.

ಇತ್ತ ಮದ್ದು ಬಿಡುವವರು ಜಗಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದಾರೆ. ಸಂಬಳ ಕೊಡುವವನೂ ನಾನೇ, ಬೆವರುವವನೂ ನಾನೇ! ನನ್ನ ಪಿತ್ತ ನೆತ್ತಿಗೇರಿತು.

“ಮರದಲ್ಲಿ ಇನ್ನೂ ನೀರು ಇಳೀತಾ ಉಂಟು. ಈಗ ಬಿಟ್ಟರೆ ತೊಳೆದುಹೋಗ್ತದೆ,” ಎಂದರು, ನನ್ನ ಮುಖ ಓದಿದವರಂತೆ. ಆಮೇಲೆ, “ಕತ್ತಿ ಉಂಟಾ ಅಣ್ಣೆರೇ?”

ತಂದುಕೊಟ್ಟೆ. ಡ್ರಮ್ಮಿಗೆ ಅದ್ದಿ, ಸ್ವಲ್ಪ ಹೊತ್ತು ಹಿಡಿದು, ಎತ್ತಿದರು. ಅಲಗಿನ ಮೇಲೆ ತಾಮ್ರದ ಕೆಂಪು. “ಸುಣ್ಣ ಸಾಲದು.” ಇನ್ನೊಂದಿಷ್ಟು ಸುಣ್ಣದ ತಿಳಿ ಹೊಯ್ದು ಮತ್ತೆ ಅದ್ದಿದರು. ಕತ್ತಿ ಕತ್ತಿಯಾಗಿಯೇ ಮೇಲೆ ಬಂತು. ಬಿಸಿಲು ಬಂತು, ಅವರು ಮರ ಹತ್ತಿದರು, ಗೊನೆಗಷ್ಟೇ ಬಿಟ್ಟರು, ಇಳಿದರು, ಮುಗಿಯಿತು. ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲೇ ಕೊಳೆರೋಗದ ಬಗ್ಗೆ ಬರೆದಿಟ್ಟು ಹೋಗಿದ್ದಾರೆ. ನಮ್ಮ ಪಾಲಿಗೆ ಉಳಿದದ್ದು ಸರಿಯಾಗಿ ಬೆರೆಸುವುದು, ಸರಿಯಾದ ಜಾಗಕ್ಕೆ ಬಿಡುವುದು, ಅಷ್ಟೇ. ನಾನು ಅದರ ಸುತ್ತ ಒಂದು ಜಾತ್ರೆ ಕಟ್ಟಿದ್ದೆ. ಜಾತ್ರೆ ಚೆನ್ನಾಗಿಯೇ ಇತ್ತು ಎಂಬುದು ಬೇರೆ ಮಾತು.

ಹಾಗೆಂದು ಗುರಿಯಿಟ್ಟು ದುಡಿದವನಿಗೆ ಫಲ ಖಂಡಿತ ಎಂದು ಮೈಕಿನ ಮುಂದೆ ಹೇಳುವವರನ್ನು ಕಂಡರೂ ನನಗಾಗದು. ಅವರು ಒಮ್ಮೆ ಸಂಪಾಜೆ, ಅರಂತೋಡು ಕಡೆ ಹೋಗಿ ಬರಲಿ. ಅಲ್ಲಿ ಅಡಿಕೆಗೆ ಬಂದ ಹಳದಿ ಎಲೆ ರೋಗಕ್ಕೆ ಬೋರ್ಡೋ ನಾಟುವುದಿಲ್ಲ, ಕತ್ತಿ ಅದ್ದಿ ನೋಡುವ ಪರೀಕ್ಷೆಯೂ ಇಲ್ಲ. ಅಲ್ಲಿ ತೋಟ ಕಳೆದುಕೊಂಡವರು ನನ್ನ ಹಾಗೆ ಎಲೆ ಸುತ್ತಿಸಿ ಆಡುತ್ತಿದ್ದವರಲ್ಲ. ಅಳೆದು, ಯೋಚಿಸಿ, ಹೊತ್ತು ನೋಡಿ ಕೆಲಸ ಮಾಡಿದವರು.

ಬೆರೆಸಿದ ಮದ್ದನ್ನು ಅದೇ ದಿನ ಮುಗಿಸಬೇಕು, ಮರುದಿನಕ್ಕೆ ಆಗುವುದಿಲ್ಲ. ನಿಮ್ಮಲ್ಲಿ ಕಲಕಲು ಜನ ಸಿಗದಿದ್ದರೆ ಹೇಳಿ ಕಳಿಸಿ, ಎಷ್ಟು ಕೆಲಸವಿದ್ದರೂ ಬಿಟ್ಟು ಬರುತ್ತೇನೆ. ಕತ್ತಿ ಮಾತ್ರ ಬೇರೆಯವರ ಕೈಯಲ್ಲಿರಲಿ.