ಎಡೆದೊರೆನಾಡಿನ ಲ್ಯಾಪ್‌ಟಾಪುಗಳಲ್ಲಿ ಸ್ಮೃತಿಫಲಕ ಪರಿವರ್ತನೆ ಹಾಗೂ ತಾಪಶಮನ: ಒಂದು ತೌಲನಿಕ ಅಧ್ಯಯನ

ಕೃಷ್ಣೆ-ತುಂಗಭದ್ರೆಯರ ನಡುವಿನ ಎಡೆದೊರೆನಾಡಿನಲ್ಲಿ ಲ್ಯಾಪ್‌ಟಾಪು ಬಿಸಿಯಾಗುತ್ತದೆಂಬುದು ನಿರ್ವಿವಾದ. ಅದು ತಾನಾಗಿ ಬಿಸಿಯಾಗುತ್ತದೆಯೋ, ಊರೇ ಕುದಿಯುತ್ತಿರುವುದರಿಂದ ಮರ್ಯಾದೆಗೆ ತಾನೂ ಕುದಿಯುತ್ತದೆಯೋ ಎಂಬ ಮೂಲಭೂತ ಪ್ರಶ್ನೆಯನ್ನು ಮಾತ್ರ ಯಾವ ಸಂಶೋಧಕರೂ ಎತ್ತಿದಂತಿಲ್ಲ. ಈ ಕೊರತೆ ನೀಗಲೆಂದು ಪ್ರಬಂಧಕಾರನು ಮೇ ತಿಂಗಳಲ್ಲಿ, ಸ್ವಂತ ಖರ್ಚಿನಲ್ಲಿ, ಸಿಂಧನೂರಿನ ತನ್ನ ಮನೆಯ ಪಡಸಾಲೆಯಲ್ಲಿ ಕ್ಷೇತ್ರಕಾರ್ಯ ಕೈಗೊಂಡನು. ಮಸ್ಕಿ, ಲಿಂಗಸುಗೂರುಗಳು ಅಧ್ಯಯನದ ವ್ಯಾಪ್ತಿಗೆ ಬಂದುದಕ್ಕೆ ಕಾರಣ, ಮೂರೂ ಊರುಗಳು ಒಂದೇ ಹೆದ್ದಾರಿಯ ಮೇಲಿರುವುದು ಮತ್ತು ಬಸ್ಸಿನಲ್ಲಿ ಸೀಟು ಸಿಕ್ಕಿದ್ದು.

ಹಳೆಯ ಯಂತ್ರದ ಹೊಟ್ಟೆಯಲ್ಲಿದ್ದುದು ನಿಮಿಷಕ್ಕೆ 5400 ಸುತ್ತು ತಿರುಗುವ ಹಾರ್ಡ್ ಡಿಸ್ಕು. ಗುಂಡಿ ಒತ್ತಿ, ಓಣಿಯ ತುದಿಗೆ ಹೋಗಿ, ಮಂಡಾಳ ಒಗ್ಗರಣಿಯ ಜೊತೆ ಎರಡು ಮಿರ್ಚಿ ತಿಂದು, ಚಹಾ ಮುಗಿಸಿ ಬರುವ ಹೊತ್ತಿಗೆ ಸರಿಯಾಗಿ ಪರದೆ ಬೆಳಗುತ್ತಿತ್ತು. ಅದರ ಜಾಗಕ್ಕೆ ತಂದದ್ದು ಎಂ.2 ಎನ್‌ವಿಎಂಇ ಫಲಕ. 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ, ಆದ್ದರಿಂದಲೇ 2280 ಎಂಬ ಗೋತ್ರನಾಮ. ಹಳೆಯದು ಸೆಕೆಂಡಿಗೆ ನೂರು ಎಂಬಿ ಓದಲು ಏದುಸಿರು ಬಿಡುತ್ತಿದ್ದರೆ, ಸಾಟಾ ಜಾತಿಯ ಎಸ್‌ಎಸ್‌ಡಿ 550ರ ಆಸುಪಾಸಿಗೆ ನಿಲ್ಲುತ್ತದೆ. ಇದೋ 3500 ಎಂಬಿ ಓದುತ್ತೇನೆಂದು ಡಬ್ಬಿಯ ಮೇಲೆಯೇ ಬರೆದುಕೊಂಡಿತ್ತು. ಕೂಡಿಸಿದ ಮೇಲೆ ಹತ್ತು-ಹನ್ನೆರಡು ಸೆಕೆಂಡಿನಲ್ಲಿ ಯಂತ್ರ ಎದ್ದು ಕೂತಿತು. ಒಂದು ಉಪಾಹಾರ ಪರಂಪರೆಯೇ ಅಳಿದುಹೋಯಿತು. ಮಿರ್ಚಿ ಅಂಗಡಿಯ ಆರ್ಥಿಕತೆಯ ಮೇಲೆ ಇದರ ಪರಿಣಾಮವನ್ನು ಬೇರೆಯವರು ಅಭ್ಯಸಿಸಲಿ.

ಇನ್ನು ತಾಪಮೀಮಾಂಸೆ. ಈ ಫಲಕ ಮೈಮುರಿದು ದುಡಿಯುವಾಗ ನುಂಗುವುದು ಆರೇಳು ವ್ಯಾಟ್ ವಿದ್ಯುತ್ತು. ದೇವರ ಫೋಟೋದ ಮುಂದಿನ ಹಳೇ ಝೀರೊ ಬಲ್ಬಿಗಿಂತ ಕಡಿಮೆ. ಆದರೆ ಆ ಶಾಖದ ಬಹುಪಾಲು ಬೆರಳುಗುರಿನಷ್ಟಿರುವ ಕಂಟ್ರೋಲರ್ ಚಿಪ್ಪಿನಲ್ಲಿ ಹುಟ್ಟುತ್ತದೆ. 80 ಡಿಗ್ರಿಯ ಸುತ್ತಮುತ್ತ ಬಂತೆಂದರೆ ಚಿಪ್ಪು ತಾನೇ ವೇಗ ಇಳಿಸುತ್ತದೆ, ಥ್ರಾಟಲಿಂಗ್ ಎನ್ನುತ್ತಾರೆ. ಭರ ಮಧ್ಯಾಹ್ನ ಹೊಲದ ಆಳು ಬೇವಿನ ಗಿಡದ ನೆರಳಿಗೆ ಹೋಗಿ ಕೂತರೆ ಅದನ್ನು ಮೈಗಳ್ಳತನ ಅನ್ನುತ್ತೇವೆ, ಚಿಪ್ಪು ಕೂತರೆ ತಂತ್ರಜ್ಞಾನ.

ಶಾಖವನ್ನು ಕೊಲ್ಲಲು ಬರುವುದಿಲ್ಲ, ಬೇರೆ ಕಡೆ ಸಾಗಹಾಕಬಹುದು ಅಷ್ಟೆ. ಇದನ್ನು ತುಂಗಭದ್ರಾ ಎಡದಂಡೆ ಕಾಲುವೆಯ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಇಳಿಜಾರು ಇದ್ದರೆ ಹರಿವು. ಚಿಪ್ಪು ಡ್ಯಾಮು, ಅದರ ಮೇಲಿನ ಮೆತ್ತನೆಯ ಥರ್ಮಲ್ ಪ್ಯಾಡು ತೂಬು, ತಾಮ್ರದ ತಗಡು ಕಾಲುವೆ, ಕೋಣೆಯ ಗಾಳಿ ಟೇಲೆಂಡು. ಬೆಂಗಳೂರಿನ 25 ಡಿಗ್ರಿಯ ಕೋಣೆಯಲ್ಲಿ ಟೇಲೆಂಡು ತಗ್ಗಿನಲ್ಲಿದೆ, ಹರಿವು ಸರಾಗ. ಸಿಂಧನೂರಿನ 42ರಲ್ಲಿ ಟೇಲೆಂಡಿನವನ ಹೊಲ ಮೊದಲೇ ತುಂಬಿರುತ್ತದೆ. ಅಲ್ಲಿ 60 ತೋರಿಸುವ ಫಲಕ ಇಲ್ಲಿ ಅದೇ ಕೆಲಸಕ್ಕೆ 77 ತೋರಿಸಿದರೆ ಫಲಕದ ತಪ್ಪೇನು?

ಪ್ರಯೋಗದಲ್ಲಿ 77 ಅಲ್ಲ, 84 ಬಂತು. ಲ್ಯಾಪ್‌ಟಾಪನ್ನು ಕೌದಿಯ ಮೇಲಿಟ್ಟುದರಿಂದ ಕೆಳಗಿನ ಗಾಳಿಕಿಂಡಿ ಮುಚ್ಚಿರಬಹುದೆಂದು ಶಂಕಿಸಿ ಅದನ್ನು ಎರಡು ಸೇರುಗಳ ಮೇಲೆ ಕೂಡಿಸಲಾಯಿತು. 82. ಕೂಲರಿನ ಮುಂದೆ ಹಿಡಿಯಲಾಯಿತು. 80, ಜೊತೆಗೆ ಕೀಲಿಮಣೆಯ ಮೇಲೆ ತುಂತುರು. ಮನೆಯವರು ನೀರಿನ ಹರವಿಯನ್ನು ಬಚ್ಚಿಟ್ಟದ್ದು ಈ ಹಂತದಲ್ಲಿ. ದೋಷ ವಿಧಾನದಲ್ಲಿಲ್ಲ, ಅಕ್ಷಾಂಶದಲ್ಲಿದೆ ಎಂಬ ತೀರ್ಮಾನಕ್ಕೆ ಬಂದ ಪ್ರಬಂಧಕಾರನು, ಬಿಸಿಲಿಗೆ ಜಗ್ಗದ ಸ್ಮೃತಿಫಲಕವೊಂದನ್ನು ನೋಡಲು ಮಸ್ಕಿಗೆ ಹೊರಟನು.

ಮಸ್ಕಿಯ ದುರ್ಗದ ಗುಡ್ಡದ ಬಂಡೆಯ ಮೇಲೆ ಕ್ರಿ.ಪೂ. 3ನೇ ಶತಮಾನದಲ್ಲಿ ಬರೆದ ಮಾಹಿತಿ ಇನ್ನೂ ಓದಲು ಬರುತ್ತದೆ. ಪ್ರಾಕೃತ ಭಾಷೆ, ಬ್ರಾಹ್ಮಿ ಫಾರ್ಮ್ಯಾಟು. ನಮ್ಮ ಫಲಕಗಳ ಮಾನದಂಡವನ್ನು ಇದರ ಪಕ್ಕ ಇಡೋಣ: ಬರೆಯುವ ಆಯಸ್ಸು ತೀರಿದ ಸಾಮಾನ್ಯ ಎಸ್‌ಎಸ್‌ಡಿ, ವಿದ್ಯುತ್ತಿಲ್ಲದೆ 30 ಡಿಗ್ರಿಯಲ್ಲಿ ಇಟ್ಟರೆ 1 ವರ್ಷ ಮಾಹಿತಿ ಕಾಪಾಡಬೇಕು. ಒಂದೇ ವರ್ಷ! ಬಿಸಿ ಹೆಚ್ಚಿದಷ್ಟೂ ಅವಧಿ ಕುಗ್ಗುತ್ತದೆ. ನಮ್ಮೂರಿನ ಟ್ರಂಕಿನೊಳಗೆ ಮೇ ತಿಂಗಳಲ್ಲಿ 30 ಡಿಗ್ರಿ ಎಲ್ಲಿಂದ ತರುವುದು? ವಿಚಿತ್ರವೆಂದರೆ ಮೆಮೊರಿ ಚಿಪ್ಪಿಗೆ ಬರೆಯುವಾಗ ತುಸು ಬೆಚ್ಚಗಿದ್ದರೇ ಹಿತ, ಇಟ್ಟುಕೊಳ್ಳುವಾಗ ತಂಪಿರಬೇಕು. ಖಡಕ್ ರೊಟ್ಟಿಯ ಸ್ವಭಾವ. ಮಸ್ಕಿಯ ಕಲ್ಲು ತಾಮ್ರದ ನೂರರಲ್ಲಿ ಒಂದು ಪಾಲಿನಷ್ಟೂ ಶಾಖ ಸಾಗಿಸದು, ಅದಕ್ಕೆ ಪ್ಯಾಡೂ ಇಲ್ಲ, ಫ್ಯಾನೂ ಇಲ್ಲ. ಆದರೂ ಈವರೆಗೆ ಥ್ರಾಟಲ್ ಆದ ವರದಿಯಿಲ್ಲ. ಎರಡನೇ ಸಲ ಬರೆಯಲು ಬಾರದು, ಇದೊಂದು ಮಿತಿ.

ಈ ಫಲಕ ಸಿಕ್ಕ ಬಗೆಯೂ ಗಮನಾರ್ಹ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಚಿನ್ನ ಹುಡುಕುತ್ತ ಬಂದವನು ಇದನ್ನು ಕಂಡ. ಅಲ್ಲಿಯವರೆಗೆ ದೊರೆತ ಪ್ರತಿಗಳಲ್ಲಿ ಫೈಲಿನ ಒಡೆಯ ‘ದೇವಾನಾಂಪ್ರಿಯ’ ಎಂಬ ಯೂಸರ್‌ನೇಮಿನ ಹಿಂದೆ ಅವಿತಿದ್ದ. ಅಶೋಕನೆಂಬ ನಿಜನಾಮ ಮಸ್ಕಿಯ ಪ್ರತಿಯಲ್ಲಿ ತೆರೆದುಕೊಂಡಿತು. ಇನ್ನು ಬ್ಯಾಕಪ್ಪು ನೋಡಿ: ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ನಿಟ್ಟೂರು, ಉಡೇಗೋಳಂ. ಒಂದು ಕಡೆ ಅಕ್ಷರ ಸವೆದರೆ ಇನ್ನೊಂದು ಕಡೆ ನೋಡಿ ತುಂಬಿಕೊಳ್ಳಬಹುದು. ಮಗಳ ಮದುವೆಯ ಫೋಟೋಗಳನ್ನು ಒಂದೇ ಡಿಸ್ಕಿನಲ್ಲಿಟ್ಟು, ಡ್ರೈವ್ ಬದಲಿಸುವ ದಿನ ಅದನ್ನು ಕೈಜಾರಿಸಿದ ಪ್ರಬಂಧಕಾರನು ಬಂಡೆಯ ಮುಂದೆ ತುಸು ಹೊತ್ತು ಸುಮ್ಮನೆ ನಿಂತನು.

ಲಿಂಗಸುಗೂರಿಗೆ ಹೋದದ್ದು ದಪ್ಪನೆಯ ಪ್ಯಾಡು ಹುಡುಕಿಕೊಂಡು. ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯಿದೆ, ಎಂ.2 ಫಲಕದ ತುದಿಯ ಹಲ್ಲುಗಳಿಗೂ ಚಿನ್ನದ ಲೇಪವಿದೆ. ಎರಡಕ್ಕೂ ಸಂಬಂಧ ಕಲ್ಪಿಸುವ ಅಧ್ಯಾಯವೊಂದನ್ನು ಬಸ್ಸಿನಲ್ಲಿಯೇ ಮನಸ್ಸಿನಲ್ಲಿ ಬರೆದು ಮುಗಿಸಿದ್ದೆ. ರಿಪೇರಿ ಅಂಗಡಿಯ ಹುಡುಗ ಕೆಳತಟ್ಟೆ ಬಿಚ್ಚಿದ. ಇಳಿಜಾರು, ಟೇಲೆಂಡು, ಅಕ್ಷಾಂಶ ಎಲ್ಲವನ್ನೂ ತಲೆದೂಗಿ ಕೇಳಿದ. ಆಮೇಲೆ ಉಗುರಿನಿಂದ ಪ್ಯಾಡಿನ ಮೂಲೆ ಎಬ್ಬಿಸಿ ಅಂದ: “ಸರ್, ಹಾಳಿ ಕಿತ್ತಿಲ್ಲಲ್ರೀ.”

ಪ್ಯಾಡಿನ ಎರಡೂ ಮೈಗೆ ತೆಳ್ಳನೆಯ ಪ್ಲಾಸ್ಟಿಕ್ ಪೊರೆ ಅಂಟಿರುತ್ತದೆ. ಕೂಡಿಸುವ ಮುಂಚೆ ಅದನ್ನು ಸುಲಿಯಬೇಕು. ಸುಲಿಯದಿದ್ದರೆ ಪ್ಯಾಡು ಅಂಟುವುದಿಲ್ಲ, ನಡುವೆ ಗಾಳಿ ಉಳಿಯುತ್ತದೆ, ತೂಬಿನ ಬಾಗಿಲು ಅರ್ಧ ಮುಚ್ಚಿಟ್ಟು ಕಾಲುವೆಯನ್ನು ಬೈದಂತೆ. ಆತ ಎರಡೂ ಪೊರೆ ಸುಲಿದು ತಗಡು ಒತ್ತಿದ. ದುಡ್ಡು ಕೇಳಲಿಲ್ಲ. ಅದೇ ಫೈಲುಗಳ ಪ್ರತಿ, ಅದೇ ಬಿಸಿಲು: 67.

ಅಕ್ಷಾಂಶ ಸಿದ್ಧಾಂತವನ್ನು ಪ್ರಬಂಧಕಾರನು ಹಿಂತೆಗೆದುಕೊಂಡಿಲ್ಲ, ಪರಿಷ್ಕರಣೆಯಲ್ಲಿದೆ. ಸದ್ಯಕ್ಕೆ ಓದುಗರಲ್ಲಿ ಒಂದು ಬಿನ್ನಹ. ಫಲಕವನ್ನು ಹಿಡಿದಿಡುವ 2 ಮಿ.ಮೀ. ದಪ್ಪದ, 3 ಮಿ.ಮೀ. ಉದ್ದದ ಒಂದೇ ಒಂದು ಸ್ಕ್ರೂ ಮೊದಲ ದಿನವೇ ಕೌದಿಯ ಹೊಲಿಗೆಯಲ್ಲಿ ಬಿದ್ದು ಕಾಣೆಯಾಗಿದೆ, ಫಲಕ ಈಗ ಟೇಪಿನ ಮೇಲೆ ನಿಂತಿದೆ. ಕೌದಿಯನ್ನು ಒಗೆಯಲು ಕಾಲುವೆಗೆ ಒಯ್ದಿದ್ದಾರೆ. ಸಿಕ್ಕವರು ದಯವಿಟ್ಟು ತಂದುಕೊಡಿ. ಮಂಡಾಳ ಒಗ್ಗರಣಿ, ಮಿರ್ಚಿ ನನ್ನ ಲೆಕ್ಕದಲ್ಲಿ.