ಸೆಷನ್ ಇದೆ ಮಾರಾಯ

ಕೊಟ್ಟಿಗೆಹಾರದ ಸರ್ಕಲ್ಲಿನಲ್ಲಿ ಬೆಳಿಗ್ಗೆ ಬಸ್ಸಿಳಿದು, ಮುಖ ಕೂಡ ತೊಳೆಯದೆ ನೇರ ನೀರುದೋಸೆ ಹೋಟೆಲಿಗೆ ನುಗ್ಗುವವನು ಇಬ್ಬರಲ್ಲಿ ಒಬ್ಬ. ಒಂದೋ ಹೊರನಾಡಿಗೆ ಹೊರಟ ಭಕ್ತ, ಇಲ್ಲವೇ ಬೆಂಗಳೂರಿನಲ್ಲಿ ವಿಧಾನಸಭೆಯ ಸೆಷನ್ ಮುಗಿಸಿಕೊಂಡು ಬಂದ ನಮ್ಮೂರ ಹುಡುಗ. ಭಕ್ತನಾದರೆ ಪ್ಲೇಟಿಗೆ ಎಷ್ಟು ದೋಸೆ ಎಂದು ಕೇಳುತ್ತಾನೆ. ನಮ್ಮವನು ಅದನ್ನೆಲ್ಲ ಕೇಳುವುದಿಲ್ಲ. ಬಿಲ್ಲು ಕೊಡುವವರು ಯಾರಾದರೂ ಕೂತಿದ್ದಾರಾ ಎಂದು ಸುತ್ತ ಒಂದು ಸಲ ನೋಡುತ್ತಾನೆ. ಹೆಚ್ಚಾಗಿ ನಾನು ಕೂತಿರುತ್ತೇನೆ.

ಅವನ ಹೆಸರು ಹೇಳಿ ಪ್ರಯೋಜನವಿಲ್ಲ. ಬಣಕಲ್, ಬಾಳೂರು, ಕಳಸ, ಎಲ್ಲಿ ಇಳಿದರೂ ಇಂಥವನೊಬ್ಬ ಸಿಗುತ್ತಾನೆ. ನಾವು ಕರೆಯುವುದು ‘ಸೆಷನ್’ ಎಂದು. ಗದ್ದೆ ನಾಟಿಗೆ ಕರೆದರೂ, ತೋಟಕ್ಕೆ ಬೋರ್ಡೋ ಔಷಧಿ ಹೊಡೆಸಬೇಕು ಬಾರೋ ಎಂದು ಅಪ್ಪ ಕೂಗಿದರೂ, ಅವನ ಉತ್ತರ ಒಂದೇ: ‘ಸೆಷನ್ ಇದೆ ಮಾರಾಯ.’ ಅಪ್ಪನಿಗೂ ಮಾರಾಯನೇ.

ವಯಸ್ಸು ಇಪ್ಪತ್ತೇಳು. ವರ್ಷದ ಹನ್ನೆರಡು ತಿಂಗಳೂ ಬಿಳಿ ಶರ್ಟು. ಆಷಾಢದ ಮಳೆಯಲ್ಲಿ ನಮ್ಮಲ್ಲಿ ಒಗೆದ ಬಟ್ಟೆ ಒಣಗುವುದು ಒಲೆಯ ಮೇಲಿನ ಹೊಗೆಯಲ್ಲಿ. ಹಾಗಾಗಿ ದೂರದಿಂದ ಅವನು ಮಂತ್ರಿಯಂತೆ ಕಂಡರೂ ಹತ್ತಿರ ಬಂದಾಗ ಒಣಮೀನಿನಂತೆ ನಾರುತ್ತಾನೆ. ಶರ್ಟಿನ ತೆಳು ಜೇಬಿನೊಳಗಿಂದ ಒಂದು ಚೀಟಿ ಕಾಣುತ್ತಿರುತ್ತದೆ. ವಿಧಾನಸಭೆಯ ಸಾರ್ವಜನಿಕ ಗ್ಯಾಲರಿಯ ಪಾಸು. ಒಂದೇ ದಿನಕ್ಕೆ ಕೊಟ್ಟದ್ದನ್ನು ಇವನು ಲ್ಯಾಮಿನೇಶನ್ ಮಾಡಿಸಿದ್ದಾನೆ. ಬೆವರಿಗೋ ಮಳೆಗೋ ತಾರೀಕು ಅಳಿಸಿಹೋಗಿ ಸೀಲು ಮಾತ್ರ ಉಳಿದಿದೆ. ತಾರೀಕು ಇಲ್ಲದ್ದೇ ಒಳ್ಳೆಯದಾಯಿತು, ಈಗ ಅದಕ್ಕೆ ಅವಧಿಯೇ ಇಲ್ಲ.

ಒಮ್ಮೆ ನಾನೇ ಅವನಿಗೆ ಅಮೆರಿಕದ ವಿಷಯ ಹೇಳಿದೆ. ಅಲ್ಲಿ ಸಂಸತ್ತಿನಲ್ಲಿ ಓಡಾಡಿ ಕಾಗದ ಪತ್ರ ತಲುಪಿಸುವ ಹುಡುಗರನ್ನು ‘ಪೇಜ್’ ಅನ್ನುತ್ತಾರೆ. 1829ರಲ್ಲಿ ಡೇನಿಯಲ್ ವೆಬ್‌ಸ್ಟರ್ ಎಂಬ ಸೆನೆಟರ್ ಒಂಬತ್ತು ವರ್ಷದ ಹುಡುಗನೊಬ್ಬನನ್ನು ಮೊದಲು ನೇಮಿಸಿದ. ಈಗಲೂ ಸೆನೆಟ್‌ನಲ್ಲಿ ಹದಿನಾರು ಹದಿನೇಳರ ಮಕ್ಕಳು ನಸುಕಿನಲ್ಲಿ ಪಾಠ ಮುಗಿಸಿ ಸದನಕ್ಕೆ ಬರುತ್ತಾರೆ. ಕೆಳಮನೆಯಲ್ಲಿ ಮಾತ್ರ, ಇಮೇಲು ಬಂದ ಮೇಲೆ ಓಡಾಡಲು ಹುಡುಗರು ಯಾಕೆ, ಖರ್ಚು ಬೇರೆ ಎಂದು 2011ರಲ್ಲಿ ನಿಲ್ಲಿಸಿಬಿಟ್ಟರು. ಅವನು ದೋಸೆಯನ್ನು ಕಾಯಿಹಾಲಿಗೆ ಅದ್ದಿಕೊಂಡೇ ಕೇಳಿದ:

‘ಸಂಬಳ ಕೊಡ್ತಾರಾ ಅಣ್ಣ?’

‘ಕೊಡ್ತಾರಂತೆ.’

‘ಹಾಗಾದ್ರೆ ಅದು ನೌಕರಿ. ರಾಜಕೀಯ ಅಲ್ಲ.’

ನಮ್ಮ ಪೇಜುಗಳ ತರಬೇತಿ ನಡೆಯುವುದು ಬೆಂಗಳೂರಿನ ಶಾಸಕರ ಭವನದ ನೆಲದ ಮೇಲೆ. ಮಂಚ ಶಾಸಕರ ಕಡೆಯ ಹಿರಿಯರಿಗೆ, ಸೋಫಾ ಪಿಎ ಕಡೆಯವರಿಗೆ, ಉಳಿದ ನೆಲ ಕ್ಷೇತ್ರದ ಜನತೆಗೆ. ಕಿದ್ವಾಯಿ ಆಸ್ಪತ್ರೆಗೆ ಬಂದ ರೋಗಿಯ ಮಗ, ವರ್ಗಾವಣೆಗೆ ಬಂದ ಮೇಷ್ಟ್ರು, ಸುಮ್ಮನೆ ಬಂದ ನಮ್ಮವನು, ಎಲ್ಲರೂ ಒಂದೇ ಜಮಖಾನದ ಮೇಲೆ. ಕಲಿಕೆ ಅಲ್ಲಿಂದ ಶುರು. ಯಾವ ಬಾಗಿಲಿನ ಪೊಲೀಸಿನವರು ಹಾಸನದ ಕಡೆಯವರು, ಯಾವ ಕಚೇರಿಯಲ್ಲಿ ಊಟದ ಹೊತ್ತಿಗೆ ಮುಂಚೆ ಹೋಗಬೇಕು, ಯಾವ ಮಂತ್ರಿಯ ಆಪ್ತರಿಗೆ ಕಾಫಿಪುಡಿ ಒಯ್ದರೆ ಖುಷಿ, ಯಾರಿಗೆ ಕಾಳುಮೆಣಸು. ಚುಕ್ಕೆ ಗುರುತಿನ ಪ್ರಶ್ನೆಗೆ ಸದನದಲ್ಲಿ ಬಾಯಿಮಾತಿನ ಉತ್ತರ, ಚುಕ್ಕೆ ಇಲ್ಲದ್ದಕ್ಕೆ ಬರಹದ ಉತ್ತರ ಎಂಬುದನ್ನೂ ಕಲಿತಿದ್ದಾನೆ. ಮನೆಯಲ್ಲಿ ಹೆಂಡತಿ ಏನಾದರೂ ಕೇಳಿದರೆ ‘ಅದು ಚುಕ್ಕೆ ರಹಿತ’ ಎಂದು ಎದ್ದು ಹೋಗುತ್ತಾನಂತೆ. ಬರೆದು ಕೊಟ್ಟದ್ದನ್ನು ಯಾರೂ ಕಂಡಿಲ್ಲ.

ಸದನದ ಒಳಗೆ ಇವನು ಕಂಡದ್ದು ಕಡಿಮೆ. ಗ್ಯಾಲರಿಯಲ್ಲಿ ಮೊಬೈಲು ಹೊರಗಿಟ್ಟು, ಚಪ್ಪಾಳೆ ತಟ್ಟದೆ, ಎಸಿಯ ತಂಪಿಗೆ ನಿದ್ದೆ ಬಾರದಂತೆ ಕೂರಬೇಕು. ಮೊಬೈಲಿಲ್ಲದೆ ಕಾಲು ಗಂಟೆ ಕೂತರೆ ಅವನಿಗೆ ಉಸಿರು ಕಟ್ಟುತ್ತದೆ. ಹೊರಗೆ ಬಂದು ವಿಧಾನಸೌಧದ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಬರಹ ಕಾಣುವಂತೆ ಸೆಲ್ಫಿ ಹೊಡೆದಾಗಲೇ ಜೀವ ಬರುವುದು. ಚಳಿಗಾಲದ ಅಧಿವೇಶನ ಬೆಳಗಾವಿಯಲ್ಲಿ ನಡೆದರೆ ಮಂಕಿಕ್ಯಾಪು ಹಾಕಿ ಸುವರ್ಣ ವಿಧಾನಸೌಧಕ್ಕೂ ಹೊರಡುತ್ತಾನೆ. ಅಲ್ಲಿಂದ ತಂದದ್ದು ಎರಡು ಕೆಜಿ ಕುಂದಾ ಮತ್ತು ಒಂದು ಕೆಮ್ಮು.

ದಾರದಹಳ್ಳಿಯ ಡಿ.ಬಿ. ಚಂದ್ರೇಗೌಡರು ಇವನ ದೇವರು. 1978ರಲ್ಲಿ ಇಂದಿರಾ ಗಾಂಧಿಗಾಗಿ ಚಿಕ್ಕಮಗಳೂರಿನ ಲೋಕಸಭಾ ಸ್ಥಾನ ಬಿಟ್ಟುಕೊಟ್ಟವರು, ಮುಂದೆ ವಿಧಾನಸಭೆಯ ಸ್ಪೀಕರ್ ಆದವರು, ಲೋಕಸಭೆ, ರಾಜ್ಯಸಭೆ, ವಿಧಾನಸಭೆ, ಪರಿಷತ್ತು ನಾಲ್ಕರಲ್ಲೂ ಕೂತವರು. ‘ಅವ್ರು ನಾಲ್ಕೂ ಸದನ ನೋಡಿದ್ರು ಅಣ್ಣ, ನಾನು ವಿಧಾನಸೌಧದ ನಾಲ್ಕೂ ದಿಕ್ಕಿನ ಬಾಗಿಲು ನೋಡಿದ್ದೀನಿ’ ಎನ್ನುತ್ತಾನೆ, ಅರ್ಧ ದಾರಿ ಮುಗಿಯಿತು ಎಂಬಂತೆ.

ಇವನ ಪಕ್ಷ ಯಾವುದು ಎಂದು ಕೇಳುವುದು ಒರಟುತನ. ಮೂಡಿಗೆರೆ ಕ್ಷೇತ್ರ 2013ರಲ್ಲಿ ಜೆಡಿಎಸ್ಸಿಗೆ, 2018ರಲ್ಲಿ ಬಿಜೆಪಿಗೆ, 2023ರಲ್ಲಿ ಕಾಂಗ್ರೆಸ್ಸಿಗೆ ಒಲಿಯಿತು. ಇವನ ಬೀರುವಿನಲ್ಲಿ ಮೂರು ಬಣ್ಣದ ಶಾಲಿದೆ, ಮೂರಕ್ಕೂ ನುಸಿಗುಳಿಗೆ ಹಾಕಿಟ್ಟಿದ್ದಾನೆ. ‘ಜನ ಬದಲಾಗ್ತಾರೆ, ನಾನು ಜನರ ಜೊತೆ’ ಎಂಬುದು ಅವನ ಸಿದ್ಧಾಂತ. ತಪ್ಪು ಹುಡುಕಿ ನೋಡಿ, ಸಿಗುವುದಿಲ್ಲ.

ಇವನು ತಾನೇ ಶಾಸಕನಾಗುವುದಕ್ಕೆ ಒಂದು ತೊಡಕಿದೆ. ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು, ಇವನು ಹತ್ತೆಕರೆ ಕಾಫಿಯ ಗೌಡರ ಮಗ. ಅದಕ್ಕೇ ಅವನು ಹೂಮಳೆಗೆ ಕಾದಂತೆ ಡಿಲಿಮಿಟೇಶನ್‌ಗೆ ಕಾಯುತ್ತಾನೆ. ‘ಒಂದು ಸಲ ಗೆರೆ ಬದಲಾಗ್ಲಿ’ ಎನ್ನುವಾಗ ಬೆರಳಿನಲ್ಲಿ ಮೇಜಿನ ಮೇಲೆ ಚೆಲ್ಲಿದ ಕಾಫಿಯಲ್ಲೇ ಹೊಸ ಕ್ಷೇತ್ರ ಬರೆಯುತ್ತಾನೆ. ಅದರಲ್ಲಿ ಇವನ ಎಲ್ಲ ನೆಂಟರ ಮನೆಗಳೂ ಬರುತ್ತವೆ. ಅಷ್ಟರಲ್ಲಿ ಹುಡುಗ ಬಂದು ಬಟ್ಟೆಯಲ್ಲಿ ಮೇಜು ಒರೆಸುತ್ತಾನೆ.

ಇಷ್ಟೆಲ್ಲ ಆಡಿಕೊಂಡರೂ ಒಂದು ಮಾತು ಒಪ್ಪಬೇಕು. ನಮ್ಮ ತೋಟದ ಲೈನಿನ ಅಜ್ಜಿಯೊಬ್ಬಳಿಗೆ ವೃದ್ಧಾಪ್ಯ ವೇತನ ನಾಲ್ಕು ತಿಂಗಳು ನಿಂತಿತ್ತು. ಓದಿದವನು ಎಂದು ನಾನು ಮೂರು ಅರ್ಜಿ ಬರೆದೆ, ಒಳ್ಳೆಯ ಕನ್ನಡದಲ್ಲಿ. ಏನೂ ಆಗಲಿಲ್ಲ. ಇವನು ಅಜ್ಜಿಯ ಆಧಾರ್ ಕಾರ್ಡಿನ ಫೋಟೋ ತೆಗೆದುಕೊಂಡು, ಯಾರಿಗೋ ಫೋನು ಮಾಡಿ ‘ಸರ್ ನಮಸ್ಕಾರ, ಸೆಷನ್ನಲ್ಲಿ ಸಿಕ್ಕಿದ್ವಲ್ಲ’ ಎಂದ. ಮುಂದಿನ ತಿಂಗಳು ದುಡ್ಡು ಬಂತು. ಫೋನಿನ ಆ ಕಡೆಯವರಿಗೆ ಇವನು ಯಾರೆಂದು ಗೊತ್ತಿತ್ತೋ ಇಲ್ಲವೋ, ಯಾರೋ ದೊಡ್ಡವರ ಕಡೆಯವನಿರಬೇಕು ಎಂಬ ಹೆದರಿಕೆಯೇ ಸಾಕಾಯಿತು. 94ಸಿ, ಫಾರಂ 57, ಸೆಕ್ಷನ್ 4 ಎಂದು ಮನೆ ಜಮೀನಿನ ಕಾಗದಗಳಿಗೆ ತಲೆ ಕೆಟ್ಟ ಜನ ಇವನ ಮನೆ ಜಗಲಿಯಲ್ಲಿ ಬೆಳಿಗ್ಗೆಯೇ ಕೂತಿರುವುದು ಸುಮ್ಮನಲ್ಲ.

ಕಳೆದ ಮಳೆಗಾಲದಲ್ಲಿ ಹತ್ತಿರದ ಕಾಲೇಜೊಂದರಲ್ಲಿ ಯುವ ಸಂಸತ್ತು ಇತ್ತು. ಸೆಷನ್ ಮುಖ್ಯ ಅತಿಥಿ. ಪಿಯುಸಿ ಹುಡುಗ ಹುಡುಗಿಯರು ಆಡಳಿತ ಪಕ್ಷ, ವಿರೋಧ ಪಕ್ಷವಾಗಿ ಕೂತಿದ್ದರು. ಸ್ಪೀಕರ್ ಆಗಿದ್ದವಳು ಗಟ್ಟಿ ಗಂಟಲಿನ ತೆಳ್ಳನೆಯ ಹುಡುಗಿ. ಮಕ್ಕಳು ಸಾಲಾಗಿ ಎದ್ದು ಪ್ರಶ್ನೆ ಕೇಳಿ, ಉತ್ತರ ಕೇಳಿಸಿಕೊಂಡು, ಧನ್ಯವಾದ ಹೇಳಿ ಕೂರುತ್ತಿದ್ದರು. ನಮ್ಮವನಿಗೆ ತಡೆಯಲಾಗಲಿಲ್ಲ. ಎದ್ದು ನಿಂತು, ‘ಹಿಂಗಲ್ಲ ಮಕ್ಳೇ, ನಿಜವಾದ ಸದನದಲ್ಲಿ ಹಿಂಗೆ ಕೇಳಿಸ್ಕೊಂಡು ಕೂರಲ್ಲ, ಬಾವಿಗಿಳೀಬೇಕು’ ಎಂದು ಶುರು ಮಾಡಿದ.

ಹುಡುಗಿ ಮೇಜಿನ ಮೇಲಿನ ಗಂಟೆ ಬಾರಿಸಿದಳು. ‘ಮಾನ್ಯರು ತಮ್ಮ ಆಸನದಲ್ಲಿ ಕುಳಿತುಕೊಳ್ಳಬೇಕು.’

ಅವನು ನಕ್ಕ. ಅವಳು ನಗಲಿಲ್ಲ. ‘ಇಲ್ಲದಿದ್ದರೆ ಮಾರ್ಷಲ್ ಕರೆಯಬೇಕಾಗುತ್ತದೆ.’ ಬಿಳಿ ಪ್ಯಾಂಟಿನ ಇಬ್ಬರು ಎನ್‌ಸಿಸಿ ಹುಡುಗರು ಬಾಗಿಲ ಬಳಿಯಿಂದ ನಿಜವಾಗಿಯೂ ಹೆಜ್ಜೆ ಇಟ್ಟರು. ಸೆಷನ್ ಕೂತ. ಕೊನೆಯವರೆಗೂ ಮೊಬೈಲು ತೆಗೆಯದೆ ಕೂತ. ಹಾಗೆ ಕೂತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮುಗಿದ ಮೇಲೆ ಜಗಲಿಯಲ್ಲಿ ಅವಳನ್ನು ಕರೆದು, ‘ಚೆನ್ನಾಗ್ ಮಾಡಿದ್ಯಮ್ಮ. ಸೆಷನ್ ನೋಡ್ಬೇಕಾ? ಪಾಸ್ ಕೊಡಿಸ್ತೀನಿ’ ಎಂದ.

‘ಪಾಸ್ ಇದೆ ಅಣ್ಣ, ಬಸ್ಸಿಂದು. ಬಸ್ಸೇ ಬರ್ತಿಲ್ಲ. ಮಳೆ ಶುರುವಾದಾಗಿಂದ ಬೆಳಗ್ಗಿನದು ನಿಲ್ಸಿದ್ದಾರೆ’ ಎಂದಳು.

ಅವನು ಜೇಬಿನಿಂದ ಫೋನು ತೆಗೆದ. ಕರೆಂಟು ಹೋಗಿ ಮೂರು ದಿನವಾಗಿತ್ತು, ಟವರಿಗೂ ಜೀವವಿರಲಿಲ್ಲ. ಚಾರ್ಮಾಡಿ ಕಡೆಯ ತಿರುವಿನಲ್ಲಿ ಒಂದು ಕಡ್ಡಿ ಸಿಗ್ನಲ್ ಸಿಗುತ್ತದೆ. ನನ್ನ ಕೊಡೆ ಕಿತ್ತುಕೊಂಡು ಆ ಕಡೆ ಹೊರಟ. ‘ಸರ್ ನಮಸ್ಕಾರ’ ಎಂಬ ಅಭ್ಯಾಸ ಮಳೆಯೊಳಗಿಂದ ಕೇಳಿಸುತ್ತಿತ್ತು.